‘ಆಸ್ಪತ್ರೆ ಬಿಲ್ ಕಟ್ಟಿದ್ದೀನಲ್ಲ’ ಅಂದರೆ ಪರಿಹಾರ ಮುಗಿಯಲ್ಲ: ಕೆಲಸದಲ್ಲಿ ಗಾಯವಾದಾಗ ಕಾರ್ಮಿಕರೂ ಮಾಲೀಕರೂ ಎಡವುವುದೆಲ್ಲಿ?

ಮಿಲ್ಲಿನ ಬೆಲ್ಟಿಗೆ ಕೈ ಸಿಕ್ಕಿತು. ಲಾರಿಯಿಂದ ಮೂಟೆ ಇಳಿಸುವಾಗ ಕಾಲು ಮುರಿಯಿತು. ಸಾರ್ವೆ ಮೇಲಿಂದ ಗಾರೆ ಕೆಲಸದವರು ಬಿದ್ದರು. ತುಮಕೂರು ಜಿಲ್ಲೆಯ ಯಾವ ತಾಲ್ಲೂಕಿಗೆ ಹೋದರೂ ಇಂಥ ಸುದ್ದಿ ಹೊಸದೇನಲ್ಲ. ಅಕ್ಕಿ ಗಿರಣಿ, ಕೊಬ್ಬರಿ ಮಂಡಿ, ತೆಂಗಿನ ನಾರಿನ ಘಟಕ, ಜಲ್ಲಿ ಕ್ರಷರ್, ವೆಲ್ಡಿಂಗ್ ಶಾಪ್, ವಸಂತನರಸಾಪುರದ ಕಾರ್ಖಾನೆ, ಕೆಲಸ ಎಲ್ಲಿದೆಯೋ ಅಲ್ಲಿ ಅಪಾಯವೂ ಇದೆ.

ಆಮೇಲೆ ನಡೆಯುವುದೂ ಹೆಚ್ಚುಕಮ್ಮಿ ಒಂದೇ ಥರ. ಮಾಲೀಕರು ಆಸ್ಪತ್ರೆ ಬಿಲ್ ಕಟ್ಟುತ್ತಾರೆ. ಮೇಸ್ತ್ರಿಯೋ ಊರಿನ ಹಿರಿಯರೋ ನಡುವೆ ಕೂತು, ‘ಕೇಸು ಗೀಸು ಯಾಕೆ, ಏನೋ ಒಂದು ಮಾತಾಡಿ ಮುಗಿಸ್ಕೊಳ್ಳಿ’ ಅಂತಾರೆ. ಐವತ್ತು ಸಾವಿರಕ್ಕೋ ಲಕ್ಷಕ್ಕೋ ಮಾತು ಮುಗಿಯುತ್ತದೆ. ಬಾಂಡ್ ಪೇಪರ್ ಮೇಲೆ ‘ಮುಂದೆ ಯಾವುದೇ ತಕರಾರು ಇಲ್ಲ’ ಎಂದು ಬರೆಸಿ ಸಹಿ ಹಾಕಿಸುತ್ತಾರೆ. ಮಾಲೀಕರು ‘ಪೀಡೆ ಹೋಯ್ತು’ ಅಂದುಕೊಳ್ಳುತ್ತಾರೆ. ಕಾರ್ಮಿಕನ ಮನೆಯವರು ‘ಇಷ್ಟಾದರೂ ಬಂತಲ್ಲ’ ಅಂದುಕೊಳ್ಳುತ್ತಾರೆ.

ಇಬ್ಬರ ಎಣಿಕೆಯೂ ತಪ್ಪು. ಕಾನೂನಿನ ಮುಂದೆ ಆ ಬಾಂಡ್ ಪೇಪರಿಗೆ ಹೆಚ್ಚು ಬೆಲೆ ಇಲ್ಲ. ಕಾರ್ಮಿಕನಿಗೆ ಬರಬೇಕಾದ ಹಣ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿರಬಹುದು. ಮಾಲೀಕರು ಕೊಟ್ಟ ಹಣ ಪೂರ್ತಿ ಲೆಕ್ಕಕ್ಕೆ ಬರದೆಯೂ ಹೋಗಬಹುದು.

ಕಾಯ್ದೆ ಬದಲಾಯಿತು, ಹೊಣೆ ಬದಲಾಗಿಲ್ಲ

ಕೆಲಸದ ವೇಳೆ ಗಾಯವಾದರೆ ಪರಿಹಾರ ಕೊಡಿಸುತ್ತಿದ್ದುದು 1923ರ ಕಾಯ್ದೆ. ಮೊದಲು ‘ವರ್ಕ್‌ಮೆನ್ ಕಾಂಪೆನ್ಸೇಷನ್ ಕಾಯ್ದೆ’ ಎನ್ನುತ್ತಿದ್ದರು. 2010ರ ಜನವರಿಯಿಂದ ‘ನೌಕರರ ಪರಿಹಾರ ಕಾಯ್ದೆ’ ಎಂದಾಯಿತು. ಕೇಂದ್ರ ಸರ್ಕಾರ 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಾಗ ಈ ಕಾಯ್ದೆ ‘ಸಾಮಾಜಿಕ ಭದ್ರತಾ ಸಂಹಿತೆ 2020’ರೊಳಗೆ ಸೇರಿಹೋಯಿತು.

‘ಹಳೇ ಕಾಯ್ದೆ ಹೋಯ್ತಂತೆ, ಇನ್ನು ಪರಿಹಾರ ಇಲ್ವಂತೆ’ ಅನ್ನುವುದು ಸರಿಯಲ್ಲ. ಪರಿಹಾರದ ಭಾಗ ಹೊಸ ಸಂಹಿತೆಯ ಒಂದು ಅಧ್ಯಾಯವಾಗಿ ಬಂದಿದೆ. ಲೆಕ್ಕ ಹಾಕುವ ಕ್ರಮ, ಬಡ್ಡಿ, ದಂಡ ಎಲ್ಲದರ ತಿರುಳು ಅದೇ. 2025ರ ನವೆಂಬರ್ 21ಕ್ಕಿಂತ ಮೊದಲು ಆದ ಅಪಘಾತಕ್ಕೆ ಹಳೆಯ ಕಾಯ್ದೆಯೇ ಅನ್ವಯ. ಯಾಕೆಂದರೆ ಹಕ್ಕು ಹುಟ್ಟುವುದು ಅಪಘಾತವಾದ ದಿನ.

ಹೊಸದಾಗಿ ಸ್ಪಷ್ಟವಾಗಿರುವ ಒಂದು ಸಂಗತಿ ಮುಖ್ಯ. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮನೆಗೆ ಬರುವಾಗ ದಾರಿಯಲ್ಲಿ ಅಪಘಾತವಾದರೆ, ಅದಕ್ಕೂ ಕೆಲಸಕ್ಕೂ ನಂಟಿದೆ ಎಂದು ತೋರಿಸಿದರೆ, ಅದನ್ನೂ ಕೆಲಸದ ಅಪಘಾತ ಎಂದೇ ಸಂಹಿತೆ ಪರಿಗಣಿಸುತ್ತದೆ. ಸುಪ್ರೀಂ ಕೋರ್ಟ್ ಕೂಡ 2025ರ ಜುಲೈನಲ್ಲಿ ಹಳೆಯ ಕಾಯ್ದೆಯಡಿಯ ಪ್ರಕರಣವೊಂದರಲ್ಲಿ ಇದೇ ಮಾತು ಹೇಳಿತು. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯೊಂದರ ರಾತ್ರಿ ಕಾವಲುಗಾರ 2003ರಲ್ಲಿ ಡ್ಯೂಟಿಗೆ ಬೈಕಿನಲ್ಲಿ ಹೋಗುತ್ತಿದ್ದಾಗ ದಾರಿಯಲ್ಲಿ ಮೃತಪಟ್ಟಿದ್ದರು. ಕುಟುಂಬಕ್ಕೆ ಅಂತಿಮವಾಗಿ ನ್ಯಾಯ ಸಿಗಲು 22 ವರ್ಷ ಬೇಕಾಯಿತು.

ಯಾರ್ಯಾರಿಗೆ ಸಿಗುತ್ತದೆ?

ಮೊದಲು ನೋಡಬೇಕಾದ್ದು ಇಎಸ್‌ಐ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆ ಇಎಸ್‌ಐ ಅನ್ವಯವಾಗುತ್ತದೆ. ಇಎಸ್‌ಐ ಇದ್ದರೆ ಪರಿಹಾರ ಅಲ್ಲಿಂದಲೇ ಬರಬೇಕು. ಮಾಲೀಕರ ಮೇಲೆ ಬೇರೆ ಪರಿಹಾರ ಅರ್ಜಿ ಹಾಕಲು ಬರುವುದಿಲ್ಲ. ಕೆಲಸದ ಗಾಯಕ್ಕೆ ಇಎಸ್‌ಐ ಸೌಲಭ್ಯ ಸೇರಿದ ಮೊದಲ ದಿನದಿಂದಲೇ ಉಂಟು. ‘ಇನ್ನೂ ಆರು ತಿಂಗಳಾಗಿಲ್ಲ’ ಎಂಬ ನೆಪ ಇಲ್ಲಿ ನಡೆಯುವುದಿಲ್ಲ. ತಾತ್ಕಾಲಿಕವಾಗಿ ಕೆಲಸ ಮಾಡಲು ಆಗದಿದ್ದರೆ ಸಂಬಳದ ಶೇ 90ರಷ್ಟು ಸಿಗುತ್ತದೆ. ಅಪಘಾತವಾದ ತಕ್ಷಣ ಮಾಲೀಕರು ಇಎಸ್‌ಐ ಕಚೇರಿಗೆ ಅಪಘಾತ ವರದಿ ಕೊಟ್ಟರೆ ಮಾತ್ರ ಈ ದಾರಿ ಸಲೀಸು.

ಇಎಸ್‌ಐ ಇಲ್ಲದವರಿಗೆ ಪರಿಹಾರ ಕಾನೂನು. ಮಿಲ್ಲು, ಕಾರ್ಖಾನೆ, ಕಟ್ಟಡ ಕೆಲಸ, ಬೋರ್‌ವೆಲ್ ಕೊರೆಯುವುದು, ಲಾರಿ, ಟೆಂಪೋ ಓಡಿಸುವುದು, ವಾಹನಕ್ಕೆ ಲೋಡ್ ಹಾಕಿ ಇಳಿಸುವುದು, ಟ್ರ್ಯಾಕ್ಟರ್ ಮತ್ತಿತರ ಯಂತ್ರ ಬಳಸುವ ಬೇಸಾಯ, ಮರ ಕಡಿಯುವುದು, ಇವೆಲ್ಲ ಕಾನೂನಿನ ಪಟ್ಟಿಯಲ್ಲಿರುವ ಕೆಲಸಗಳು.

‘ಅವನು ನಮ್ಮಲ್ಲಿ ಕಾಯಂ ಅಲ್ಲ, ದಿನಗೂಲಿ’ ಎಂಬ ಉತ್ತರ ನಿಲ್ಲುವುದಿಲ್ಲ. ದಿನಗೂಲಿಯವರನ್ನು ಹೊರಗಿಡುತ್ತಿದ್ದ ಮಾತನ್ನು 2000ದ ತಿದ್ದುಪಡಿಯಲ್ಲೇ ಕಾಯ್ದೆಯಿಂದ ತೆಗೆಯಲಾಗಿದೆ. ‘ಅವನನ್ನು ಕರ್ಕೊಂಡು ಬಂದಿದ್ದು ಮೇಸ್ತ್ರಿ, ಅವನನ್ನೇ ಕೇಳಿ’ ಎಂಬುದೂ ಪೂರ್ತಿ ನಡೆಯದು. ವ್ಯಾಪಾರ, ಉದ್ಯಮದ ಮಾಮೂಲಿ ಕೆಲಸವನ್ನೇ ಗುತ್ತಿಗೆಗೆ ಕೊಟ್ಟಿದ್ದರೆ, ಮೂಲ ಮಾಲೀಕರೇ ಮೊದಲು ಪರಿಹಾರ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಮಿಲ್ಲಿನಲ್ಲಿ ಮೇಸ್ತ್ರಿ ಮೂಲಕ ಬಂದ ಹಮಾಲಿಗಳಿಗೂ ಇದು ಅನ್ವಯ.

ತಪ್ಪು ಯಾರದ್ದು ಅನ್ನೋದು ಪ್ರಶ್ನೆಯೇ ಅಲ್ಲ

ಮಾತುಕತೆಯಲ್ಲಿ ಹೆಚ್ಚು ಕೇಳಿಬರುವುದು ಈ ಮಾತು: ‘ನೋಡ್ಕೊಂಡು ಕೆಲಸ ಮಾಡ್ಬೇಕಿತ್ತು, ಅವನದ್ದೇ ತಪ್ಪು.’ ಇದನ್ನು ಕೇಳಿ ಕಾರ್ಮಿಕನೂ ತಲೆ ತಗ್ಗಿಸುತ್ತಾನೆ. ಆದರೆ ಈ ಕಾನೂನಿನಲ್ಲಿ ಮಾಲೀಕರ ತಪ್ಪನ್ನು ಸಾಬೀತು ಮಾಡಬೇಕಾಗಿಲ್ಲ. ಕಾರ್ಮಿಕನ ಅಜಾಗರೂಕತೆಯೂ ಪರಿಹಾರವನ್ನು ತಪ್ಪಿಸುವುದಿಲ್ಲ. ಗಾಯ ಕೆಲಸದ ಕಾರಣದಿಂದ, ಕೆಲಸದ ಅವಧಿಯಲ್ಲಿ ಆಯಿತೇ ಎಂಬುದಷ್ಟೇ ಪ್ರಶ್ನೆ.

ವಿನಾಯಿತಿ ಇರುವುದು ಕೆಲವಕ್ಕೆ ಮಾತ್ರ. ಕುಡಿದಿದ್ದರಿಂದ ಆದ ಅಪಘಾತ, ಸುರಕ್ಷತಾ ನಿಯಮವನ್ನು ಬೇಕೆಂದೇ ಮುರಿದದ್ದು, ಯಂತ್ರದ ಗಾರ್ಡನ್ನು ಗೊತ್ತಿದ್ದೂ ತೆಗೆದುಹಾಕಿದ್ದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗಿದ್ದರೆ ಈ ತಕರಾರುಗಳಿಗೂ ಜಾಗವಿಲ್ಲ.

ಎಷ್ಟು ಬರಬೇಕು? ಒಂದು ಲೆಕ್ಕ

ಪರಿಹಾರ ಯಾರದ್ದೋ ದಯೆ ಮೇಲೆ ನಿಂತಿಲ್ಲ. ಅದಕ್ಕೆ ಸೂತ್ರವಿದೆ. ತಿಂಗಳ ಸಂಬಳ, ವಯಸ್ಸಿಗೆ ತಕ್ಕ ಗುಣಕ, ಗಾಯದ ಪ್ರಮಾಣ, ಈ ಮೂರರ ಮೇಲೆ ಮೊತ್ತ ನಿರ್ಧಾರವಾಗುತ್ತದೆ. 2020ರ ಜನವರಿ 3ರ ಅಧಿಸೂಚನೆಯಂತೆ ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ ತಿಂಗಳಿಗೆ 15,000 ರೂಪಾಯಿ.

ತಿಂಗಳಿಗೆ 12,000 ಸಂಬಳ ಪಡೆಯುವ 30 ವರ್ಷದ ಮಿಲ್ ಕಾರ್ಮಿಕನನ್ನು ಉದಾಹರಣೆಗೆ ತೆಗೆದುಕೊಳ್ಳಿ. 30 ವರ್ಷಕ್ಕೆ ಗುಣಕ 207.98.

ಸಾವಾದರೆ: ಸಂಬಳದ ಅರ್ಧ 6,000. ಅದನ್ನು 207.98ರಿಂದ ಗುಣಿಸಿದರೆ 12,47,880 ರೂಪಾಯಿ.

ಶಾಶ್ವತವಾಗಿ ಯಾವ ಕೆಲಸವನ್ನೂ ಮಾಡಲಾಗದಂತಾದರೆ: ಸಂಬಳದ ಶೇ 60 ಅಂದರೆ 7,200. ಗುಣಿಸಿದರೆ 14,97,456 ರೂಪಾಯಿ.

ಒಂದು ಕೈಯ ಎರಡು ಬೆರಳು ಹೋದರೆ: ಕಾನೂನಿನ ಪಟ್ಟಿಯಲ್ಲಿ ಇದಕ್ಕೆ ಶೇ 20 ನಷ್ಟ. ಮೇಲಿನ ಮೊತ್ತದ ಶೇ 20 ಅಂದರೆ ಸುಮಾರು 2,99,491 ರೂಪಾಯಿ. ಹೆಬ್ಬೆರಳು ಹೋದರೆ ಶೇ 30, ಒಂದು ಕಣ್ಣು ಹೋದರೆ ಶೇ 40, ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ 50 ಎಂದು ಅದೇ ಪಟ್ಟಿ ಹೇಳುತ್ತದೆ.

ವಾಸಿಯಾಗುವ ಗಾಯವಾದರೆ: ಕೆಲಸಕ್ಕೆ ಹೋಗಲಾಗದ ಅವಧಿಗೆ ಪ್ರತಿ ಹದಿನೈದು ದಿನಕ್ಕೆ ಸಂಬಳದ ಶೇ 25. ಇಲ್ಲಿ 3,000 ರೂಪಾಯಿ. ಅಂದರೆ ತಿಂಗಳಿಗೆ ಅರ್ಧ ಸಂಬಳ.

ಎರಡು ಬೆರಳು ಕಳೆದುಕೊಂಡವರನ್ನು ‘ಇಪ್ಪತ್ತೈದು ಸಾವಿರ ತಗೊಂಡು ಸುಮ್ನಿರು’ ಎಂದು ಕಳಿಸಿದರೆ ಎಷ್ಟು ಅನ್ಯಾಯ ಎಂಬುದು ಈ ಲೆಕ್ಕದಲ್ಲಿ ಕಾಣುತ್ತದೆ.

ಪಟ್ಟಿಯಲ್ಲಿಲ್ಲದ ಗಾಯಗಳೂ ಇವೆ. ಸೊಂಟದ ಮೂಳೆ ಮುರಿತ, ಕಾಲಿಗೆ ರಾಡ್ ಹಾಕಿರುವುದು ಇತ್ಯಾದಿ. ಇದಕ್ಕೆ ವೈದ್ಯರು ದುಡಿಯುವ ಶಕ್ತಿ ಎಷ್ಟು ಕಡಿಮೆಯಾಗಿದೆ ಎಂದು ಪ್ರಮಾಣಪತ್ರ ಕೊಡಬೇಕು. ಇಲ್ಲಿ ದೇಹದ ಊನಕ್ಕಿಂತ ದುಡಿಮೆಯ ಊನ ಮುಖ್ಯ. ಎಡಗೈಯನ್ನು ಮೊಣಕೈಗಿಂತ ಮೇಲೆ ಕಳೆದುಕೊಂಡ ಬಡಗಿಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಲ್ಲೇ ಇದನ್ನು ಹೇಳಿದೆ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಹಾಗಾಗಿ ನಷ್ಟ ಶೇ 100 ಎಂದು ಒಪ್ಪಿತು.

ಆಸ್ಪತ್ರೆ ಖರ್ಚಿನ ವಿಷಯದಲ್ಲೇ ಹೆಚ್ಚು ಗೊಂದಲ. ಚಿಕಿತ್ಸೆಯ ನಿಜವಾದ ಖರ್ಚನ್ನು ಮಾಲೀಕರೇ ಕೊಡಬೇಕು, ಮತ್ತು ಅದು ಪರಿಹಾರದ ಲೆಕ್ಕಕ್ಕೆ ಸೇರುವುದಿಲ್ಲ. ‘ಎರಡು ಲಕ್ಷ ಆಸ್ಪತ್ರೆಗೇ ಸುರಿದಿದ್ದೀನಿ’ ಎಂದು ಮಾಲೀಕರು ನೊಂದುಕೊಳ್ಳುವುದು ಸಹಜ. ಆದರೆ ಆ ಎರಡು ಲಕ್ಷವನ್ನು ಪರಿಹಾರದಲ್ಲಿ ಮುರಿದುಕೊಳ್ಳಲು ಕಾನೂನಿನಲ್ಲಿ ದಾರಿ ಇಲ್ಲ.

ಬಾಂಡ್ ಪೇಪರ್ ರಾಜಿ ಯಾಕೆ ನಿಲ್ಲಲ್ಲ?

ರಾಜಿಯೇ ಆಗಬಾರದು ಎಂದು ಕಾನೂನು ಹೇಳುವುದಿಲ್ಲ. ಆದರೆ ಇಡಿಗಂಟಿನ ರಾಜಿಯಾದರೆ ಅದರ ಒಪ್ಪಂದವನ್ನು ಪರಿಹಾರ ಪ್ರಾಧಿಕಾರದ ಮುಂದೆ ನೋಂದಾಯಿಸಬೇಕು. ಮೊತ್ತ ತೀರಾ ಕಡಿಮೆ ಎನಿಸಿದರೆ ಅಥವಾ ಮೋಸ, ಒತ್ತಡದ ವಾಸನೆ ಬಂದರೆ ಪ್ರಾಧಿಕಾರ ಅದನ್ನು ತಳ್ಳಿಹಾಕಬಹುದು.

ನೋಂದಾಯಿಸದೆ ಬಿಟ್ಟರೆ ಪೆಟ್ಟು ಮಾಲೀಕರಿಗೇ. ಆಗ ಪೂರ್ತಿ ಪರಿಹಾರದ ಹೊಣೆ ಅವರ ಮೇಲೆ ಉಳಿಯುತ್ತದೆ. ಅದಷ್ಟೇ ಅಲ್ಲ, ಪ್ರಾಧಿಕಾರ ಬೇರೆ ಆದೇಶ ಕೊಡದಿದ್ದರೆ, ಮೊದಲೇ ಕೊಟ್ಟ ಪರಿಹಾರದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಮುರಿದುಕೊಳ್ಳುವಂತಿಲ್ಲ. ಒಂದು ಲಕ್ಷ ಕೊಟ್ಟು ಬಾಂಡ್ ಬರೆಸಿಕೊಂಡವರಿಗೆ ಲೆಕ್ಕಕ್ಕೆ ಸಿಗುವುದು ಐವತ್ತು ಸಾವಿರ ಮಾತ್ರ ಆಗಬಹುದು.

ಸಾವಿನ ಪ್ರಕರಣದಲ್ಲಿ ನಿಯಮ ಇನ್ನೂ ಬಿಗಿ. ಪರಿಹಾರದ ಹಣವನ್ನು ಪ್ರಾಧಿಕಾರದಲ್ಲೇ ಠೇವಣಿ ಇಡಬೇಕು. ಮನೆಗೆ ಹೋಗಿ ಹೆಂಡತಿ ಕೈಗೋ ಅಣ್ಣನ ಕೈಗೋ ಕೊಟ್ಟ ಹಣ ಪರಿಹಾರ ಎನಿಸಿಕೊಳ್ಳುವುದಿಲ್ಲ. ಅವಲಂಬಿತರಿಗೆ ಮೂರು ತಿಂಗಳ ಸಂಬಳದವರೆಗೆ ಮುಂಗಡ ಕೊಡಲು ಮಾತ್ರ ಅವಕಾಶ. ಈ ನಿಯಮಕ್ಕೆ ಕಾರಣವಿದೆ. ದುಃಖದಲ್ಲಿರುವ ಮನೆಯಲ್ಲಿ ಹಣ ಯಾರ ಕೈಗೆ ಹೋಗುತ್ತದೆ, ಹೆಂಡತಿ ಮಕ್ಕಳಿಗೆ ಉಳಿಯುವುದೆಷ್ಟು ಎಂದು ಹೇಳಲಾಗದು. ಪ್ರಾಧಿಕಾರದ ಮೂಲಕ ಹೋದರೆ ಹೆಂಡತಿ, ಮಕ್ಕಳು, ತಂದೆತಾಯಿ ಎಂದು ಪಾಲು ಮಾಡಿ ಕೊಡುತ್ತಾರೆ. ಮಕ್ಕಳ ಪಾಲು ಬ್ಯಾಂಕಿನಲ್ಲಿ ಉಳಿಯುತ್ತದೆ.

ಕ್ಲೇಮು ಸೋಲುವುದು ಮೊದಲ ವಾರದಲ್ಲೇ

ಕಾನೂನು ಇಷ್ಟು ಗಟ್ಟಿಯಿದ್ದರೂ ಕ್ಲೇಮುಗಳು ಕೈತಪ್ಪುವುದು ಯಾಕೆ? ಕಾಗದ ಇಲ್ಲದ್ದಕ್ಕೆ. ‘ಇವನು ನಮ್ಮಲ್ಲಿ ಕೆಲಸಕ್ಕೇ ಇರ್ಲಿಲ್ಲ’ ಎಂದು ಎದುರು ಪಕ್ಷ ಹೇಳಿಬಿಟ್ಟರೆ, ಅಲ್ಲ ಎಂದು ತೋರಿಸಬೇಕಾದವರು ಕಾರ್ಮಿಕರು. ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಸಿಗುವುದು ಅಪಘಾತದ ಮೊದಲ ಕೆಲವು ದಿನಗಳಲ್ಲಿ.

ಆಸ್ಪತ್ರೆಯ ಚೀಟಿ: ಗಾಯ ಹೇಗಾಯಿತು ಎಂದು ಡಾಕ್ಟರ್ ಕೇಳಿದಾಗ ‘ಬಿದ್ದೆ’ ಎಂದಷ್ಟೇ ಹೇಳಿದರೆ ಅದನ್ನೇ ಬರೆಯುತ್ತಾರೆ. ‘ಇಂಥ ಮಿಲ್ಲಿನಲ್ಲಿ ಕೆಲಸ ಮಾಡುವಾಗ ಯಂತ್ರಕ್ಕೆ ಸಿಕ್ಕಿ’ ಎಂದು ಸ್ಪಷ್ಟವಾಗಿ ಹೇಳಿ ಬರೆಸಬೇಕು. ಎಂಎಲ್‌ಸಿ ಆಗಬೇಕೆಂದು ಕೇಳಬೇಕು. ಮೊದಲ ಚೀಟಿಯಲ್ಲಿ ಬೈಕಿನಿಂದ ಬಿದ್ದದ್ದು ಎಂದು ಬರೆದುಬಿಟ್ಟರೆ ಆಮೇಲೆ ತಿದ್ದುವುದು ಬಲು ಕಷ್ಟ.

ಪೊಲೀಸ್ ದೂರು: ದೊಡ್ಡ ಗಾಯ ಅಥವಾ ಸಾವಾಗಿದ್ದರೆ ಠಾಣೆಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಬೇಕು. ದೂರು ಕೊಟ್ಟರೆ ಮಾಲೀಕರು ಜೈಲಿಗೆ ಹೋಗುತ್ತಾರೆ ಎಂಬ ಭಯದಲ್ಲಿ ಕಾರ್ಮಿಕರೇ ಹಿಂಜರಿಯುತ್ತಾರೆ. ಘಟನೆ ಎಲ್ಲಿ, ಯಾವಾಗ ನಡೆಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ದಾಖಲೆ ಸಿಗುವುದು ಕಷ್ಟ.

ಸಂಬಳದ ಪುರಾವೆ: ಸ್ಲಿಪ್ ಇರುವವರು ಕಡಿಮೆ. ಆದರೆ ಈಗ ಫೋನ್‌ಪೇ, ಗೂಗಲ್ ಪೇ ಇದೆ. ಮಾಲೀಕರ ನಂಬರಿನಿಂದ ಪ್ರತಿ ವಾರ ಬಂದ ಹಣದ ವಿವರ, ಬ್ಯಾಂಕ್ ಪಾಸ್‌ಬುಕ್, ಹಾಜರಿ ಪುಸ್ತಕದ ಫೋಟೊ, ‘ನಾಳೆ ಬೇಗ ಬಾ’ ಎಂಬ ವಾಟ್ಸ್‌ಆ್ಯಪ್ ಮೆಸೇಜ್ ಎಲ್ಲವೂ ಸಾಕ್ಷ್ಯವೇ. ಫೋನ್ ಬದಲಿಸುವ ಮೊದಲು ಇವನ್ನು ಪ್ರಿಂಟ್ ಹಾಕಿಸಿಡಬೇಕು.

ಜೊತೆಗಾರರು: ಪಕ್ಕದಲ್ಲಿ ಕೆಲಸ ಮಾಡುತ್ತಿದ್ದವರ ಹೆಸರು, ಊರು, ಫೋನ್ ನಂಬರ್ ಬರೆದಿಡಬೇಕು. ಹೊರರಾಜ್ಯದವರಾದರೆ ಆರು ತಿಂಗಳಲ್ಲಿ ಅವರು ಎಲ್ಲಿರುತ್ತಾರೋ ಗೊತ್ತಿಲ್ಲ.

ಮಾಲೀಕರಿಗೆ ನೋಟಿಸ್: ಯಾರಿಗೆ, ಯಾವ ದಿನ, ಎಲ್ಲಿ, ಹೇಗೆ ಗಾಯವಾಯಿತು ಎಂದು ಸರಳ ಕನ್ನಡದಲ್ಲಿ ಒಂದು ಪುಟ ಬರೆದು ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಂಡರೆ ಸಾಕು.

ಅರ್ಜಿ ಎಲ್ಲಿ, ಎಷ್ಟು ದಿನದೊಳಗೆ?

ಅಪಘಾತವಾದ ಅಥವಾ ಸಾವಾದ ದಿನದಿಂದ ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಸರಿಯಾದ ಕಾರಣವಿದ್ದರೆ ತಡವನ್ನು ಮನ್ನಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೆ ಅದನ್ನೇ ನಂಬಿ ಕೂರಬಾರದು.

ಕರ್ನಾಟಕದಲ್ಲಿ ಹಳೆಯ ಕಾಯ್ದೆಯಡಿ ಈ ಅರ್ಜಿಗಳನ್ನು ನಡೆಸುತ್ತಿರುವುದು ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯಗಳು. ತುಮಕೂರಿನವರೆಗೆ ಹೋಗಬೇಕಿಲ್ಲ. ತಿಪಟೂರು, ಮಧುಗಿರಿಯಂಥ ಕಡೆಯೂ ಈ ನ್ಯಾಯಾಲಯಗಳಿವೆ. ಹೊಸ ಸಂಹಿತೆಯಲ್ಲಿ ‘ಕಮಿಷನರ್’ ಬದಲು ‘ಸಕ್ಷಮ ಪ್ರಾಧಿಕಾರ’ ಎಂಬ ಮಾತು ಬಂದಿದೆ. ಅರ್ಜಿ ಹಾಕುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ದುಡಿಯಲು ಹೊರಗೆ ಹೋದವರಿಗೆ ಒಂದು ಅನುಕೂಲವಿದೆ. ಅಪಘಾತ ಆದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಕಾರ್ಮಿಕ ಅಥವಾ ಅವಲಂಬಿತರು ವಾಸವಿರುವ ಕಡೆಯೂ ಹಾಕಬಹುದು. ಪಾವಗಡದಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋಗಿ ಗಾಯಗೊಂಡವರು ತಮ್ಮ ಕಡೆಯ ನ್ಯಾಯಾಲಯದಲ್ಲೇ ಕೇಸ್ ನಡೆಸಬಹುದು. ಪ್ರತಿ ತಾರೀಖಿಗೂ ಬೆಂಗಳೂರಿಗೆ ಬಸ್ ಹತ್ತಬೇಕಾಗಿಲ್ಲ.

ವಕೀಲರ ಫೀಸಿಗೆ ಹೆದರಿ ಕೈಬಿಡುವವರು ಬಹಳ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು, ಕೈಗಾರಿಕಾ ಕಾರ್ಮಿಕರು, ಅಂಗವಿಕಲರು, ಕಡಿಮೆ ಆದಾಯದವರಿಗೆ ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತವಾಗಿ ಸಿಗುತ್ತಾರೆ. ರಾಷ್ಟ್ರೀಯ ಕಾನೂನು ಸೇವೆಗಳ ಸಹಾಯವಾಣಿ 15100.

ಕಟ್ಟಡ ಕಾರ್ಮಿಕರ ಕಾರ್ಡ್ ಇದ್ದವರಿಗೆ ಕಲ್ಯಾಣ ಮಂಡಳಿಯಿಂದ ಬರುವ ಅಪಘಾತ ನೆರವು ಬೇರೆ. ಅದು ಬಂತೆಂದು ಮಾಲೀಕರ ಹೊಣೆ ಹೋಗುವುದಿಲ್ಲ. ‘ಲೇಬರ್ ಕಾರ್ಡ್‌ನಲ್ಲಿ ದುಡ್ಡು ಬರುತ್ತೆ ಬಿಡು’ ಎಂಬ ಮಾತಿಗೆ ಸುಮ್ಮನಾಗಬಾರದು.

ಅಂಗಡಿ, ಮಿಲ್ ಮಾಲೀಕರ ಕಡೆಯಿಂದ ನೋಡಿದರೆ

ಇಲ್ಲಿ ಮಾಲೀಕರೆಲ್ಲ ದೊಡ್ಡ ಕುಳಗಳಲ್ಲ. ನಾಲ್ಕು ಜನ ಇಟ್ಟುಕೊಂಡು ಹಿಟ್ಟಿನ ಗಿರಣಿ, ವೆಲ್ಡಿಂಗ್ ಶಾಪ್, ಹಾರ್ಡ್‌ವೇರ್ ಅಂಗಡಿ ನಡೆಸುವವರಿಗೆ ಹನ್ನೆರಡು ಲಕ್ಷ ಎಂದರೆ ಅಂಗಡಿಯೇ ಮುಚ್ಚುವ ಮೊತ್ತ. ಅಪಘಾತವನ್ನು ಮುಚ್ಚಿಡುವ ಆಲೋಚನೆ ಹುಟ್ಟುವುದೂ ಈ ಭಯದಿಂದಲೇ.

ಆದರೆ ಮುಚ್ಚಿಟ್ಟಷ್ಟೂ ಹೊರೆ ಬೆಳೆಯುತ್ತದೆ. ಪರಿಹಾರ ಕೊಡುವ ಹೊಣೆ ಬಂದು ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ 12ರ ಬಡ್ಡಿ. ಮೇಲಿನ ಸಾವಿನ ಲೆಕ್ಕದಲ್ಲಿ ಒಂದು ವರ್ಷದ ಬಡ್ಡಿಯೇ ಒಂದೂವರೆ ಲಕ್ಷದ ಹತ್ತಿರ. ತಡಕ್ಕೆ ಸರಿಯಾದ ಕಾರಣ ಇಲ್ಲದಿದ್ದರೆ ಪರಿಹಾರದ ಅರ್ಧದವರೆಗೆ ದಂಡ ಬೇರೆ. ವಿಮೆ ಇದ್ದರೂ ದಂಡದ ಹಣವನ್ನು ಕಂಪನಿ ಕಟ್ಟಬೇಕಿಲ್ಲ, ಮಾಲೀಕರೇ ಕಟ್ಟಬೇಕು ಎಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಹೈಕೋರ್ಟಿಗೆ ಮೇಲ್ಮನವಿ ಹೋಗಬೇಕಾದರೂ ಮೊದಲು ಪರಿಹಾರದ ಮೊತ್ತ ಠೇವಣಿ ಇಡಬೇಕು.

ಇದಕ್ಕೆ ಉಪಾಯ ಅಪಘಾತಕ್ಕೆ ಮೊದಲೇ ಇದೆ. ಇಎಸ್‌ಐಗೆ ಬರುವವರು ನೋಂದಾಯಿಸಿಕೊಳ್ಳಬೇಕು. ಕೆಲಸಗಾರರ ಪಾಲು ಸಂಬಳದ ಶೇ 0.75, ಮಾಲೀಕರ ಪಾಲು ಶೇ 3.25. ಇಎಸ್‌ಐಗೆ ಬರದವರು ಸಾಮಾನ್ಯ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಮಾಡಿಸಬಹುದು. ಏಜೆಂಟರು ಇದನ್ನು ಈಗಲೂ ‘ವರ್ಕ್‌ಮೆನ್ ಪಾಲಿಸಿ’ ಎನ್ನುತ್ತಾರೆ. ಪ್ರೀಮಿಯಂ ಕಡಿಮೆ ಮಾಡಲು ಎಂಟು ಜನರ ಬದಲು ನಾಲ್ಕು ಜನ ಎಂದೋ, ಸಂಬಳ ಅರ್ಧಕ್ಕಿಳಿಸಿಯೋ ಬರೆಸಿದರೆ ಕ್ಲೇಮಿನ ದಿನ ಅದೇ ಉರುಳಾಗುತ್ತದೆ. ಗುತ್ತಿಗೆ ಮೇಲೆ ಬರುವ ಹಮಾಲಿಗಳು, ಚಿಕಿತ್ಸೆ ಖರ್ಚು ಪಾಲಿಸಿಯಲ್ಲಿ ಸೇರಿದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು. ಲಾರಿ, ಟೆಂಪೋ ಇರುವವರು ಡ್ರೈವರ್, ಕ್ಲೀನರ್, ಲೋಡರ್‌ಗಳು ವಾಹನ ವಿಮೆಯಲ್ಲಿ ಸೇರಿದ್ದಾರೆಯೇ ಎಂದು ಇವತ್ತೇ ಪಾಲಿಸಿ ತೆಗೆದು ನೋಡುವುದು ವಾಸಿ.

ಇನ್ನೊಂದು ಹೊಣೆ ಹಲವರಿಗೆ ಗೊತ್ತೇ ಇಲ್ಲ. ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ‘ಗಾಯವಾದರೆ ನಿನಗೆ ಪರಿಹಾರದ ಹಕ್ಕಿದೆ’ ಎಂದು ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದು ತಿಳಿಸಬೇಕು ಎಂದು 2017ರ ತಿದ್ದುಪಡಿ ಹೇಳಿತ್ತು. ತಿಳಿಸದವರಿಗೆ 50,000ದಿಂದ ಒಂದು ಲಕ್ಷ ರೂಪಾಯಿವರೆಗೆ ದಂಡವನ್ನೂ ಇಟ್ಟಿತ್ತು. ಮಿಲ್ಲುಗಳ ಗೋಡೆಯಲ್ಲಿ ‘ಧೂಮಪಾನ ನಿಷೇಧ’ದ ಬೋರ್ಡ್ ಕಾಣುತ್ತದೆ, ಈ ಸೂಚನೆ ಕಾಣುವುದು ಅಪರೂಪ.

ಕಾರ್ಮಿಕ ಇಲಾಖೆ, ಕಾನೂನು ಸೇವಾ ಸಮಿತಿ, ಎಪಿಎಂಸಿ ವರ್ತಕರ ಸಂಘಗಳು ಸೇರಿ ಮಿಲ್ಲು, ಮಂಡಿಗಳಲ್ಲಿ ಕನ್ನಡದ ಜೊತೆ ಹಿಂದಿಯಲ್ಲೂ ಇಂಥ ಒಂದು ಬೋರ್ಡ್ ಹಾಕಿಸಿದರೆ ದೊಡ್ಡ ಖರ್ಚೇನೂ ಇಲ್ಲ. ಅಲ್ಲಿಯವರೆಗೆ, ಬಾಂಡ್ ಪೇಪರ್ ಮುಂದಿಟ್ಟಾಗ ಇಬ್ಬರೂ ಸಹಿ ಹಾಕುವ ಮೊದಲು ಒಂದು ಮಾತು ಕೇಳಿಕೊಳ್ಳಬೇಕು: ಇದನ್ನು ಪ್ರಾಧಿಕಾರದ ಮುಂದೆ ನೋಂದಾಯಿಸುತ್ತೇವಾ? ಇಲ್ಲ ಎಂದಾದರೆ ಕಾರ್ಮಿಕನ ಪಾಲಿಗೂ ಮಾಲೀಕರ ಪಾಲಿಗೂ ವಿಷಯ ಇನ್ನೂ ಮುಗಿದಿಲ್ಲ.